ದತ್ತಾಂಶ ಭಂಡಾರದ ಸಂಪರ್ಕ ದೋಷಗಳು: ನಿದಾನ ಮತ್ತು ಪರಿಹಾರ

ಪರೀಕ್ಷೆಯ ಅಂಕಗಳು, ಬ್ಯಾಂಕಿನ ಲೆಕ್ಕಗಳು, ರೈಲಿನ ಮುಂಗಡ ಆಸನಗಳು, ಆಸ್ಪತ್ರೆಯ ರೋಗಿಗಳ ವಿವರಗಳು ಇಂದು ಗಣಕಯಂತ್ರದ ದತ್ತಾಂಶ ಭಂಡಾರಗಳಲ್ಲಿ, ಅಂದರೆ ಡೇಟಾಬೇಸ್‌ಗಳಲ್ಲಿ, ಸಂಗ್ರಹವಾಗಿರುತ್ತವೆ. ದತ್ತಾಂಶವನ್ನು ಕೋಷ್ಟಕಗಳ ರೂಪದಲ್ಲಿ ಕಾಣುವ ಸಂಬಂಧಾತ್ಮಕ ಮಾದರಿಯನ್ನು ಐ.ಬಿ.ಎಂ. ಸಂಸ್ಥೆಯ ಎಡ್ಗರ್ ಎಫ್. ಕಾಡ್ ಅವರು 1970ರಲ್ಲಿ ಮಂಡಿಸಿದರು. ಇಂದು ಬಹಳವಾಗಿ ಬಳಕೆಯಲ್ಲಿರುವ ಪೋಸ್ಟ್‌ಗ್ರೆಸ್‌ಕ್ಯೂಎಲ್ ಮತ್ತು ಮೈಎಸ್‌ಕ್ಯೂಎಲ್ ಎಂಬ ಎರಡು ವ್ಯವಸ್ಥೆಗಳೂ ಈ ಮಾದರಿಯನ್ನೇ ಆಧರಿಸಿವೆ.

ದತ್ತಾಂಶವನ್ನು ಕೇಳುವ ಅನ್ವಯ ಕಾರ್ಯಕ್ರಮವೇ ಬೇರೆ, ಅದನ್ನು ಕಾಯ್ದುಕೊಂಡಿರುವ ಭಂಡಾರದ ಸರ್ವರ್ ಬೇರೆ. ಇವೆರಡರ ನಡುವಿನ ಸಂಪರ್ಕ ಕಡಿದಾಗ ಕಾರ್ಯಕ್ರಮವು ನಿಷ್ಪ್ರಯೋಜಕವಾಗುತ್ತದೆ. ಆಗ ಹೊಸದಾಗಿ ಕಲಿಯುವವರು ಗಾಬರಿಗೊಂಡು ಅಲ್ಲೊಂದು ಸಾಲು, ಇಲ್ಲೊಂದು ಅಕ್ಷರ ಬದಲಾಯಿಸತೊಡಗುವುದುಂಟು. ಇದರಿಂದ ಮೊದಲಿನ ದೋಷ ಉಳಿದು, ಹೊಸದೊಂದು ಸೇರಿಕೊಳ್ಳುತ್ತದೆ. ವೈದ್ಯನು ಔಷಧಿಗೆ ಮೊದಲು ರೋಗನಿದಾನ ಮಾಡುವಂತೆ, ಇಲ್ಲಿಯೂ ಮೊದಲು ದೋಷದ ಸಂದೇಶವನ್ನು ಪೂರ್ಣವಾಗಿ ಓದಬೇಕು. ಏಕೆಂದರೆ ಕೋರಿಕೆಯು ಎಲ್ಲಿಯವರೆಗೆ ತಲಪಿತು, ಎಲ್ಲಿ ನಿಂತಿತು ಎಂಬುದನ್ನು ಆ ಸಂದೇಶವೇ ಹೇಳುತ್ತದೆ.

ಮೊದಲನೆಯ ಹಂತ ಹೆಸರಿನದು. ಸರ್ವರಿನ ಹೆಸರು ಅಂಕಿಗಳ ವಿಳಾಸವಾಗಿ ಪರಿವರ್ತನೆಯಾಗದಿದ್ದರೆ ಹೆಸರಿನ ಕಾಗುಣಿತವನ್ನೂ, ಹೆಸರುಗಳನ್ನು ಬಿಡಿಸುವ ಜಾಲವ್ಯವಸ್ಥೆಯನ್ನೂ ಪರೀಕ್ಷಿಸಬೇಕು. ಇನ್ನೊಂದು ತಪ್ಪೂ ಇಲ್ಲಿ ಸಾಮಾನ್ಯ. 'ಲೋಕಲ್‌ಹೋಸ್ಟ್' ಎಂದರೆ 'ಈ ಯಂತ್ರವೇ' ಎಂದರ್ಥ. ಆದರೆ ಕಾರ್ಯಕ್ರಮವು ಕಂಟೇನರಿನೊಳಗೆ ನಡೆಯುತ್ತಿದ್ದರೆ ಆ ಹೆಸರು ಕಂಟೇನರನ್ನಷ್ಟೇ ಸೂಚಿಸುತ್ತದೆ. ಹೊರಗಿರುವ ಭಂಡಾರವು ಅದಕ್ಕೆ ಕಾಣದು.

ಎರಡನೆಯದು ಬಾಗಿಲು, ಅಂದರೆ ಪೋರ್ಟ್. ಪೋಸ್ಟ್‌ಗ್ರೆಸ್‌ಕ್ಯೂಎಲ್‌ಗೆ ರೂಢಿಯ ಪೋರ್ಟ್ 5432, ಮೈಎಸ್‌ಕ್ಯೂಎಲ್‌ಗೆ 3306. 'ಸಂಪರ್ಕ ನಿರಾಕರಿಸಲಾಗಿದೆ' ಎಂಬ ಸಂದೇಶ ಬಂದರೆ ಸಾಮಾನ್ಯವಾಗಿ ಯಂತ್ರ ಸಿಕ್ಕಿದೆ, ಆದರೆ ಆ ಬಾಗಿಲಲ್ಲಿ ಯಾರೂ ಇಲ್ಲವೆಂದು ತಿಳಿಯಬೇಕು. ಸರ್ವರ್ ನಿಂತಿರಬಹುದು, ಇಲ್ಲವೆ ಪೋರ್ಟಿನ ಸಂಖ್ಯೆ ತಪ್ಪಿರಬಹುದು. ಪೋಸ್ಟ್‌ಗ್ರೆಸ್‌ಕ್ಯೂಎಲ್ ಮೂಲ ಸ್ಥಿತಿಯಲ್ಲಿ ತನ್ನದೇ ಯಂತ್ರದ ಕರೆಗಳಿಗೆ ಮಾತ್ರ ಓಗೊಡುತ್ತದೆಂಬುದನ್ನೂ ನೆನಪಿಡಬೇಕು. ಇದಕ್ಕೆ ಬದಲಾಗಿ ಯಾವ ಉತ್ತರವೂ ಬಾರದೆ ಕಾಲಾವಧಿ ಮುಗಿದರೆ, ನಡುವಿನ ಫೈರ್‌ವಾಲ್ ಕೋರಿಕೆಯನ್ನು ತಡೆದಿರುವ ಅಥವಾ ವಿಳಾಸವೇ ತಪ್ಪಿರುವ ಸಂಭವ ಹೆಚ್ಚು.

ಮೂರನೆಯದು ಗುರುತಿನ ಹಂತ. ಮೈಎಸ್‌ಕ್ಯೂಎಲ್‌ನಲ್ಲಿ 1045 ಎಂಬ ದೋಷಸಂಖ್ಯೆ ಕಂಡರೆ ಬಳಕೆದಾರನ ಹೆಸರನ್ನೋ ಗುಪ್ತಪದವನ್ನೋ ಸರ್ವರ್ ಒಪ್ಪಿಲ್ಲವೆಂದರ್ಥ. ಕೋರಿಕೆಯು ಬಾಗಿಲನ್ನು ದಾಟಿರುವುದರಿಂದ ವಿಳಾಸವನ್ನಾಗಲಿ ಪೋರ್ಟನ್ನಾಗಲಿ ಆಗ ತಿದ್ದುವುದು ವ್ಯರ್ಥ. ಈ ವ್ಯವಸ್ಥೆಯಲ್ಲಿ ಬಳಕೆದಾರನ ಹೆಸರಿನೊಡನೆ ಅವನು ಬರುವ ಯಂತ್ರವೂ ಗುರುತಿನ ಭಾಗವೇ ಆಗಿದೆ. ಆದ್ದರಿಂದ ಒಂದು ಯಂತ್ರದಿಂದ ಒಳಸೇರಿದವನಿಗೆ ಇನ್ನೊಂದು ಯಂತ್ರದಿಂದ ಪ್ರವೇಶ ಸಿಗದಿರಬಹುದು.

ನಾಲ್ಕನೆಯದು ಸಾಮರ್ಥ್ಯದ ಹಂತ. ಪೋಸ್ಟ್‌ಗ್ರೆಸ್‌ಕ್ಯೂಎಲ್‌ನ ಮೂಲ ಮಿತಿ ಏಕಕಾಲಕ್ಕೆ 100 ಸಂಪರ್ಕಗಳು, ಮೈಎಸ್‌ಕ್ಯೂಎಲ್‌ನದು 151. ಬೆಳಿಗ್ಗೆ ಸರಿಯಾಗಿದ್ದ ಕಾರ್ಯಕ್ರಮ ಮಧ್ಯಾಹ್ನದ ವೇಳೆಗೆ ನಿಂತು, ಅದನ್ನು ಮತ್ತೆ ಆರಂಭಿಸಿದರೆ ಕೆಲವು ಗಂಟೆ ನಡೆದು ಪುನಃ ನಿಂತರೆ, ಸಂಪರ್ಕಗಳು ಸೋರಿಹೋಗುತ್ತಿವೆ ಎಂದು ಶಂಕಿಸಬೇಕು. ಪಡೆದ ಸಂಪರ್ಕವನ್ನು ಕೆಲಸ ಮುಗಿದೊಡನೆ ಹಿಂದಿರುಗಿಸುವ ಸಾಲು ಕಾರ್ಯಕ್ರಮದಲ್ಲಿ ಇದ್ದರೂ, ನಡುವೆ ದೋಷವೊಂದು ತಲೆದೋರಿದಾಗ ಆ ಸಾಲನ್ನು ತಲಪದೆಯೇ ಕಾರ್ಯಕ್ರಮ ಹೊರಬಿದ್ದಿರುತ್ತದೆ. ಯಶಸ್ಸಿನಲ್ಲಿಯೂ ವಿಫಲತೆಯಲ್ಲಿಯೂ ತಪ್ಪದೆ ಹಿಂದಿರುಗಿಸುವಂತೆ ಬರೆಯುವುದೇ ಇದಕ್ಕೆ ಮದ್ದು. ಜಾವಾ ಭಾಷೆಯಲ್ಲಿ 2011ರ 7ನೆಯ ಆವೃತ್ತಿಯಿಂದ ಇದಕ್ಕಾಗಿಯೇ ಒಂದು ವಾಕ್ಯರಚನೆಯಿದೆ. ಸೋರುವ ಕೊಡವನ್ನು ಬಿಟ್ಟು ದೊಡ್ಡ ಕೊಡ ತಂದಂತೆ, ಮಿತಿಯನ್ನಷ್ಟೇ ಹೆಚ್ಚಿಸಿದರೆ ದೋಷ ಮುಂದಕ್ಕೆ ಹೋಗುವುದೇ ವಿನಾ ನಿವಾರಣೆಯಾಗದು.

ಕೆಲವೊಮ್ಮೆ ಸೋರಿಕೆಯಿಲ್ಲದೆಯೂ ಮಿತಿ ಮೀರುವುದುಂಟು. ಸಂಪರ್ಕಗಳನ್ನು ಮೊದಲೇ ಸಿದ್ಧಪಡಿಸಿ ಹಂಚಿಕೊಳ್ಳುವ ಕೂಟಕ್ಕೆ ಪೂಲ್ ಎಂದು ಹೆಸರು. ಒಂದೊಂದು ಪ್ರತಿಯೂ 20 ಸಂಪರ್ಕಗಳ ಪೂಲನ್ನು ಹೊಂದಿ, ಕಾರ್ಯಕ್ರಮದ 6 ಪ್ರತಿಗಳು ನಡೆಯುತ್ತಿದ್ದರೆ ಒಟ್ಟು 120 ಆಗಿ, 100ರ ಮಿತಿಯನ್ನು ದಾಟುತ್ತದೆ.

ಸ್ಥಾಪನೆಯಾದ ಸಂಪರ್ಕವೂ ಶಾಶ್ವತವಲ್ಲ. ಮೈಎಸ್‌ಕ್ಯೂಎಲ್ ತನ್ನ ಮೂಲ ಸ್ಥಿತಿಯಲ್ಲಿ 28,800 ಸೆಕೆಂಡು, ಅಂದರೆ 8 ಗಂಟೆ, ಸುಮ್ಮನಿರುವ ಸಂಪರ್ಕವನ್ನು ಮುಚ್ಚಿಬಿಡುತ್ತದೆ. ರಾತ್ರಿಯೆಲ್ಲ ಸುಮ್ಮನಿದ್ದ ಕಾರ್ಯಕ್ರಮದ ಬೆಳಗಿನ ಮೊದಲ ಕೋರಿಕೆ ವಿಫಲವಾಗುವುದಕ್ಕೆ ಇದೂ ಒಂದು ಕಾರಣ. ಪೂಲಿನ ಸಂಪರ್ಕಗಳ ಆಯುಸ್ಸನ್ನು ಈ ಅವಧಿಗಿಂತ ಕಡಿಮೆ ಇಟ್ಟರೆ ತೊಂದರೆ ತಪ್ಪುತ್ತದೆ.

ವಿಫಲವಾದುದನ್ನು ಮತ್ತೆ ಪ್ರಯತ್ನಿಸುವಲ್ಲಿಯೂ ವಿವೇಕ ಬೇಕು. ತಪ್ಪು ಗುಪ್ತಪದವನ್ನು ನೂರು ಸಲ ಕಳುಹಿಸಿದರೂ ಅದು ಸರಿಯಾಗದು. ಕ್ಷಣಿಕ ಅಡಚಣೆಯಾದರೆ ಪ್ರತಿ ಸಲವೂ ಹೆಚ್ಚು ಕಾಲ ಕಾದು ಪುನಃ ಪ್ರಯತ್ನಿಸಬಹುದು. ಆದರೆ ಅತ್ಯಂತ ಅಪಾಯಕರವಾದ ಸಂದರ್ಭವೊಂದಿದೆ. ವಿದ್ಯಾರ್ಥಿಯೊಬ್ಬನ ಶುಲ್ಕ 500 ರೂಪಾಯಿಗಳನ್ನು ಖಾತೆಯಿಂದ ಕಳೆಯುವ ವ್ಯವಹಾರವನ್ನು ಕಾಯಂಗೊಳಿಸಲು ಆಜ್ಞೆ ಹೋದ ಕ್ಷಣದಲ್ಲೇ ಸಂಪರ್ಕ ಕಡಿಯಿತೆನ್ನೋಣ. ಹಣ ಕಳೆಯಿತೋ ಇಲ್ಲವೋ ಎಂಬುದು ಕಾರ್ಯಕ್ರಮಕ್ಕೆ ತಿಳಿಯದು. ಕುರುಡಾಗಿ ಮತ್ತೆ ಕಳುಹಿಸಿದರೆ ಬಡ ಪೋಷಕನಿಂದ ಎರಡು ಸಲ ಶುಲ್ಕ ವಸೂಲಾಗಬಹುದು. ಆದುದರಿಂದ ಪ್ರತಿಯೊಂದು ವ್ಯವಹಾರಕ್ಕೂ ಮೊದಲೇ ಒಂದು ವಿಶಿಷ್ಟ ಸಂಖ್ಯೆಯನ್ನು ಕೊಟ್ಟು, ಅದೇ ಸಂಖ್ಯೆ ಎರಡನೆಯ ಸಲ ದಾಖಲಾಗದಂತೆ ಭಂಡಾರದಲ್ಲಿಯೇ ನಿರ್ಬಂಧ ವಿಧಿಸಬೇಕು. ಆಗ ಮರುಪ್ರಯತ್ನದಿಂದ ಹಾನಿಯಾಗದು.

ಕೊನೆಯದಾಗಿ, ಕಾರ್ಯಕ್ರಮವು ದೋಷವನ್ನು ನುಂಗಿಹಾಕದೆ ಅದರ ಸಂಖ್ಯೆ, ಸಮಯ ಮತ್ತು ಸಂದೇಶಗಳನ್ನು ದಾಖಲೆ ಪುಸ್ತಕದಲ್ಲಿ ಬರೆದಿಡುವಂತಿರಬೇಕು. ಗುಪ್ತಪದವನ್ನು ಮಾತ್ರ ಎಂದಿಗೂ ಬರೆಯಕೂಡದು. ಹೆಸರು, ಬಾಗಿಲು, ಗುರುತು, ಸಾಮರ್ಥ್ಯ ಎಂಬ ಕ್ರಮವನ್ನು ತಪ್ಪದೆ, ಒಂದು ಸಲಕ್ಕೆ ಒಂದನ್ನೇ ಪರೀಕ್ಷಿಸುವ ವಿದ್ಯಾರ್ಥಿಗೆ ದೋಷದ ಮೂಲ ಬೇಗನೆ ಕಾಣುತ್ತದೆ. ಯಂತ್ರದ ಹಿಂದೆ ಮನುಷ್ಯರ ಹಣ, ಆರೋಗ್ಯ ಮತ್ತು ಭವಿಷ್ಯಗಳಿರುವುದರಿಂದ ಈ ತಾಳ್ಮೆಯು ಕುಶಲತೆಯಷ್ಟೇ ಅಲ್ಲ, ಕರ್ತವ್ಯವೂ ಆಗಿದೆ.