ನಕ್ಷೆಯ ಪ್ರಮಾಣ: ಗಣಕಯಂತ್ರಕ್ಕೆ ನಮ್ಮ ಅಳತೆಯನ್ನು ಕಲಿಸುವ ಬಗೆ

ಊರಿನ ನಕ್ಷೆಯನ್ನಾಗಲಿ ಹೊಲದ ನಕ್ಷೆಯನ್ನಾಗಲಿ ನೆಲದಷ್ಟೇ ದೊಡ್ಡದಾಗಿ ಬರೆಯುವುದು ಸಾಧ್ಯವಿಲ್ಲ. ಆದುದರಿಂದ ನೆಲದ ಮೇಲಿನ ಉದ್ದವನ್ನು ಗೊತ್ತಾದ ಒಂದು ನಿಷ್ಪತ್ತಿಯಲ್ಲಿ ಕುಗ್ಗಿಸಿ ಕಾಗದದ ಮೇಲೆ ತೋರಿಸುತ್ತೇವೆ. ಈ ನಿಷ್ಪತ್ತಿಯೇ ನಕ್ಷೆಯ ಪ್ರಮಾಣ ಅಥವಾ ಸ್ಕೇಲು. ೧:೧೦೦೦ ಎಂದರೆ ಕಾಗದದ ಒಂದು ಸೆಂಟಿಮೀಟರು ನೆಲದ ೧೦೦೦ ಸೆಂಟಿಮೀಟರುಗಳನ್ನು, ಅಂದರೆ ೧೦ ಮೀಟರುಗಳನ್ನು ಸೂಚಿಸುತ್ತದೆ. ಇಂದು ನಕ್ಷೆಗಳನ್ನು ಗಣಕಯಂತ್ರದಲ್ಲಿಯೇ ಬರೆಯುವುದು ರೂಢಿಯಾಗಿದೆ. ಆಟೋಕ್ಯಾಡ್ ಮೊದಲಾದ ತಂತ್ರಾಂಶಗಳಲ್ಲಿ ೧:೫೦, ೧:೧೦೦ ಮುಂತಾದ ಪ್ರಮಾಣಗಳ ಪಟ್ಟಿ ಸಿದ್ಧವಾಗಿಯೇ ದೊರೆಯುತ್ತದೆ. ನಮಗೆ ಬೇಕಾದ ಪ್ರಮಾಣವು ಆ ಪಟ್ಟಿಯಲ್ಲಿ ಇಲ್ಲದಿದ್ದರೆ ಮಾಡುವುದೇನು ಎಂಬುದನ್ನು ಈ ಲೇಖನದಲ್ಲಿ ವಿಚಾರಿಸೋಣ.

ನಮ್ಮ ನಾಡಿನ ಉದಾಹರಣೆಯೊಂದನ್ನೇ ತೆಗೆದುಕೊಳ್ಳೋಣ. ಕರ್ನಾಟಕದ ಅನೇಕ ಭಾಗಗಳ ಹಳೆಯ ಮೋಜಣಿ ಕಾಗದಗಳಲ್ಲಿ ಹೊಲದ ಉದ್ದಗಲಗಳನ್ನು ಸರಪಳಿ ಮತ್ತು ಆಣೆಗಳಲ್ಲಿ ಬರೆದಿರುವುದುಂಟು. ಈ ಸರಪಳಿಯ ಉದ್ದ ೩೩ ಅಡಿ. ಅದರ ಹದಿನಾರರಲ್ಲಿ ಒಂದು ಪಾಲೇ ಆಣೆ. ೧೯೫೭ರಲ್ಲಿ ದಶಮಾಂಶ ನಾಣ್ಯಪದ್ಧತಿ ಬಂದ ಮೇಲೆ ಆಣೆಯು ಪೇಟೆಯಿಂದ ಮರೆಯಾಯಿತು. ಭೂಮಿಯ ಕಾಗದಗಳಲ್ಲಿ ಮಾತ್ರ ಉಳಿದುಕೊಂಡಿತು. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲವುಳ್ಳ ನೆಲವು ೧,೦೮೯ ಚದರ ಅಡಿಗಳಷ್ಟಾಗುತ್ತದೆ. ಇದೇ ಒಂದು ಗುಂಟೆ. ೪೦ ಗುಂಟೆಗೆ ಒಂದು ಎಕರೆ.

ಈಗ ೧೬ ಸರಪಳಿ ಉದ್ದ, ೧೦ ಸರಪಳಿ ಅಗಲವುಳ್ಳ ೪ ಎಕರೆಯ ಹೊಲವೊಂದನ್ನು, ಸರಪಳಿಗೆ ಒಂದು ಸೆಂಟಿಮೀಟರಿನಂತೆ ಬರೆದೆವೆಂದು ಭಾವಿಸೋಣ. ನಕ್ಷೆಯು ೧೬ ಸೆಂ. ಮೀ. ಉದ್ದ, ೧೦ ಸೆಂ. ಮೀ. ಅಗಲವಾಗಿ ಎ-೪ ಹಾಳೆಯಲ್ಲಿ ಸುಲಭವಾಗಿ ಹಿಡಿಸುತ್ತದೆ. ಒಂದು ಅಡಿಯು ೦.೩೦೪೮ ಮೀಟರಾದುದರಿಂದ ಸರಪಳಿಯು ೧೦.೦೫೮೪ ಮೀಟರು, ನಕ್ಷೆಯ ನಿಜವಾದ ಪ್ರಮಾಣ ೧:೧೦೦೫.೮೪. ಇದು ೧:೧೦೦೦ಕ್ಕೆ ಬಹು ಸಮೀಪವೆಂದು ಬಗೆದು, ಆ ಪ್ರಮಾಣದಿಂದಲೇ ನಕ್ಷೆಯನ್ನು ಓದಿದರೆ ಹೊಲವು ೧೬೦ ಮೀ. ಉದ್ದ, ೧೦೦ ಮೀ. ಅಗಲವೆಂದು, ಅಂದರೆ ೧೬,೦೦೦ ಚದರ ಮೀಟರೆಂದು ತೋರುತ್ತದೆ. ನಿಜವಾದ ವಿಸ್ತೀರ್ಣವಾದರೋ ಸುಮಾರು ೧೬,೧೮೭ ಚದರ ಮೀಟರು. ಕಾಣೆಯಾದ ನೆಲವು ಸುಮಾರು ೨,೦೧೭ ಚದರ ಅಡಿ. ೩೦ ಅಡಿಗೆ ೪೦ ಅಡಿಯ ಒಂದೂವರೆ ನಿವೇಶನಕ್ಕಿಂತಲೂ ಹೆಚ್ಚು! ವಿಸ್ತೀರ್ಣವು ಉದ್ದದ ವರ್ಗವನ್ನು ಅನುಸರಿಸುವುದರಿಂದ, ಉದ್ದದಲ್ಲಿ ನೂರಕ್ಕೆ ೦.೫೮ರಷ್ಟಿದ್ದ ದೋಷವು ವಿಸ್ತೀರ್ಣದಲ್ಲಿ ಸುಮಾರು ಇಮ್ಮಡಿಯಾಯಿತು. ಸಣ್ಣ ದೋಷವೆಂದು ಉಪೇಕ್ಷಿಸುವಂತಿಲ್ಲವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಹಾಗಾದರೆ ಸರಿಯಾದ ಕ್ರಮ ಯಾವುದು? ಮೊದಲು ಒಂದು ಅಂಶವನ್ನು ಮನಗಾಣಬೇಕು. ಗಣಕಯಂತ್ರದ ಒಳಗೆ ಅಡಿಯೂ ಇಲ್ಲ, ಮೀಟರೂ ಇಲ್ಲ. ಬಿಂದುಗಳ ಸ್ಥಾನವನ್ನು ಸೂಚಿಸುವ ಬರಿಯ ಸಂಖ್ಯೆಗಳು ಮಾತ್ರ ಇರುತ್ತವೆ. ಸಂಖ್ಯೆ ಒಂದು ಎಂದರೆ ಏನೆಂಬುದನ್ನು ನಿಶ್ಚಯಿಸತಕ್ಕವರು ನಾವು. ಆಟೋಕ್ಯಾಡಿನಲ್ಲಿ ಒಂದು ಏಕಮಾನವನ್ನು ಒಂದು ಸರಪಳಿಯೆಂದು ಇಟ್ಟುಕೊಂಡು ಹೊಲವನ್ನು ೧೬ ಮತ್ತು ೧೦ ಎಂಬ ಸಂಖ್ಯೆಗಳಿಂದಲೇ ಬರೆಯೋಣ. ಅನಂತರ 'ಸ್ಕೇಲ್‌ಲಿಸ್ಟ್‌ಎಡಿಟ್' ಎಂಬ ಆಜ್ಞೆಯನ್ನು ಕೊಟ್ಟು ಹೊಸ ಪ್ರಮಾಣವೊಂದನ್ನು ಸೇರಿಸಬೇಕು. ಅಲ್ಲಿ ಎರಡು ಸಂಖ್ಯೆಗಳನ್ನು ಕೇಳಲಾಗುತ್ತದೆ: ಕಾಗದದ ಏಕಮಾನಗಳೆಷ್ಟು, ನಕ್ಷೆಯ ಏಕಮಾನಗಳೆಷ್ಟು ಎಂದು. ಕಾಗದವು ಮಿಲಿಮೀಟರುಗಳಲ್ಲಿರುವಾಗ ಮೊದಲನೆಯದಕ್ಕೆ ೧೦, ಎರಡನೆಯದಕ್ಕೆ ೧ ಎಂದು ಕೊಟ್ಟರೆ ಸರಪಳಿಗೆ ಒಂದು ಸೆಂಟಿಮೀಟರಿನ ಪ್ರಮಾಣ ಸಿದ್ಧವಾಯಿತು. 'ಯುನಿಟ್ಸ್' ಆಜ್ಞೆಯಲ್ಲಿ ಉದ್ದವನ್ನು ಭಿನ್ನರಾಶಿಯಾಗಿ ತೋರಿಸುವ ಬಗೆಯನ್ನೂ, ಹದಿನಾರನೆಯ ಒಂದರ ಸೂಕ್ಷ್ಮತೆಯನ್ನೂ ಆರಿಸಿದರೆ ಆಣೆಗಳೂ ದೊರೆಯುತ್ತವೆ. ಹನ್ನೆರಡೂ ಮುಕ್ಕಾಲು ಎಂದು ತೋರಿದರೆ ಅದು ೧೨ ಸರಪಳಿ ೧೨ ಆಣೆ.

ಇದರಲ್ಲಿ ಇನ್ನೊಂದು ಅನುಕೂಲವಿದೆ. ಸರಪಳಿಯ ವರ್ಗವೇ ಗುಂಟೆಯಾದುದರಿಂದ, 'ಏರಿಯಾ' ಆಜ್ಞೆಯು ಕೊಡುವ ಸಂಖ್ಯೆಯು ನೇರವಾಗಿ ಗುಂಟೆಯೇ ಆಗಿರುತ್ತದೆ. ಯಾವ ಗುಣಾಂಕದಿಂದಲೂ ಗುಣಿಸಬೇಕಾಗಿಲ್ಲ. ಭೌತಶಾಸ್ತ್ರದಲ್ಲಿಯೂ ಸಮಸ್ಯೆಗೆ ಹೊಂದುವ ಏಕಮಾನಗಳನ್ನು ಆರಿಸಿಕೊಂಡರೆ ಸಮೀಕರಣಗಳಿಂದ ಸ್ಥಿರಾಂಕಗಳು ತಾವಾಗಿಯೇ ಕಳಚಿಹೋಗುವುದನ್ನು ವಿದ್ಯಾರ್ಥಿಗಳು ಮುಂದೆ ಕಾಣುವರು.

ಸಂಖ್ಯೆಗೆ ಏಕಮಾನವನ್ನು ಸ್ಪಷ್ಟವಾಗಿ ಹೇಳದಿದ್ದರೆ ಆಗುವ ತೊಡಕಿಗೆ ಇಂಕ್‌ಸ್ಕೇಪ್ ಎಂಬ ತಂತ್ರಾಂಶವು ಒಳ್ಳೆಯ ನಿದರ್ಶನ. ಅದರ ಹಳೆಯ ಆವೃತ್ತಿಗಳು ಒಂದು ಅಂಗುಲಕ್ಕೆ ೯೦ ಚುಕ್ಕೆಗಳೆಂದು ಗಣಿಸುತ್ತಿದ್ದವು. ೨೦೧೭ರಲ್ಲಿ ಬಂದ ೦.೯೨ನೆಯ ಆವೃತ್ತಿಯಿಂದ ಈ ಸಂಖ್ಯೆ ೯೬ ಆಯಿತು. ಚುಕ್ಕೆಗಳಲ್ಲಿ ಬರೆದಿದ್ದ ಹಳೆಯ ಚಿತ್ರವನ್ನು ಹೊಸ ಲೆಕ್ಕದಿಂದ ಓದಿದರೆ ಅದು ೯೦/೯೬, ಅಂದರೆ ೧೫/೧೬ರಷ್ಟಕ್ಕೆ ಕುಗ್ಗುತ್ತದೆ. ರೂಪಾಯಿಗೆ ಒಂದಾಣೆ ಖೋತಾ! ಇಂತಹ ಹಳೆಯ ಕಡತವನ್ನು ತೆರೆದಾಗ ಅದನ್ನು ಹೇಗೆ ಓದಬೇಕೆಂದು ಆ ತಂತ್ರಾಂಶವು ಕೇಳುವುದು ಈ ಕಾರಣದಿಂದಲೇ.

ಕೊನೆಯದಾಗಿ ಮುದ್ರಣದ ಮಾತು. 'ಹಾಳೆಗೆ ಹೊಂದಿಸು' ಎಂಬ ಆಯ್ಕೆಯನ್ನು ಒತ್ತಿದೊಡನೆ ನಾವು ಕಟ್ಟಿದ ಪ್ರಮಾಣವು ಕೆಡುತ್ತದೆ. ಆದರೆ ಮೂಲೆಯಲ್ಲಿ ಬರೆದ ೧:೧೦೦೫.೮೪ ಎಂಬ ಅಂಕಿ ಹಾಗೆಯೇ ಉಳಿದು ಸುಳ್ಳು ಹೇಳುತ್ತದೆ. ಆದುದರಿಂದ ಪ್ರತಿಯೊಂದು ನಕ್ಷೆಯಲ್ಲಿಯೂ ಐದು ಸರಪಳಿ ಉದ್ದದ ಅಳತೆಪಟ್ಟಿಯೊಂದನ್ನು ಗೆರೆಯಾಗಿ ಬರೆದಿಡುವುದು ಮೇಲು. ನಕ್ಷೆಯು ಹಿಗ್ಗಿದರೂ ಕುಗ್ಗಿದರೂ ಆ ಗೆರೆಯೂ ಅದರೊಡನೆಯೇ ಹಿಗ್ಗುತ್ತದೆ, ಕುಗ್ಗುತ್ತದೆ. ಆದರೆ ಕಾಗದವು ಕಾಲಕ್ರಮದಲ್ಲಿ ಎಲ್ಲ ದಿಕ್ಕಿನಲ್ಲಿಯೂ ಒಂದೇ ಸಮನಾಗಿ ಕುಗ್ಗುವುದಿಲ್ಲ. ಹಳೆಯ ನಕ್ಷೆಯ ಪ್ರತಿಯನ್ನು ಗಣಕಯಂತ್ರಕ್ಕೆ ಏರಿಸಿ ಪ್ರಮಾಣಕ್ಕೆ ಹೊಂದಿಸುವಾಗ ಉದ್ದದಲ್ಲಿ ಒಂದು, ಅಗಲದಲ್ಲಿ ಒಂದು, ಹೀಗೆ ತಿಳಿದಿರುವ ಎರಡು ಅಳತೆಗಳನ್ನಾದರೂ ಪರೀಕ್ಷಿಸತಕ್ಕದ್ದು.

ವಿದ್ಯಾರ್ಥಿಗಳು ಈ ಲೆಕ್ಕವನ್ನು ಸ್ವತಃ ಮಾಡಿ ನೋಡಲಿ. ೧೨ ಸರಪಳಿ ೮ ಆಣೆ ಉದ್ದ, ೬ ಸರಪಳಿ ೪ ಆಣೆ ಅಗಲವುಳ್ಳ ಹೊಲವನ್ನು ಮೇಲಿನ ಕ್ರಮದಂತೆ ಬರೆದು, ಮುದ್ರಿಸಿ, ಅಡಿಕೋಲಿನಿಂದ ಅಳೆಯಿರಿ. ಬದಿಗಳು ೧೨.೫ ಮತ್ತು ೬.೨೫ ಸೆಂ. ಮೀ. ಇರಬೇಕು. ವಿಸ್ತೀರ್ಣವು ೭೮.೧೨೫ ಗುಂಟೆ, ಗುಂಟೆಗೂ ಹದಿನಾರು ಆಣೆಯಾದುದರಿಂದ ೧ ಎಕರೆ ೩೮ ಗುಂಟೆ ೨ ಆಣೆ.