ಬೈಕ್ ಕಲಿಯಲೋ ಬೇಡವೋ ಎನ್ನುವವರಿಗೆ

ಮೈಸೂರಿನ ರಿಂಗ್ ರಸ್ತೆಯ ಆಚೆ, ಸೈಟು ಮಾರಿ ವರ್ಷಗಳಾದರೂ ಮನೆ ಏಳದ ಬಡಾವಣೆಗಳಿವೆ. ಟಾರು ರಸ್ತೆ ಇದೆ, ದೀಪದ ಕಂಬ ಇದೆ, ಜನ ಇಲ್ಲ. ನಾನು ಬೈಕ್ ಹೇಳಿಕೊಡುವುದು ಇಂಥ ಕಡೆ. ಬರುವವರಲ್ಲಿ ಹೆಚ್ಚಿನವರು ಮೂವತ್ತು ದಾಟಿದವರು. ಬ್ಯಾಂಕಿನವರು, ಮೇಷ್ಟ್ರುಗಳು, ಮಕ್ಕಳನ್ನು ಶಾಲೆಗೆ ಬಿಟ್ಟು ನೇರ ಬರುವ ತಾಯಂದಿರು. “ನನಗೆ ಬರುತ್ತಾ ಸಾರ್?” ಎಂದೇ ಎಲ್ಲರೂ ಶುರುಮಾಡುತ್ತಾರೆ. ಬರುತ್ತದೆ. ಕ್ಲಚ್ಚು, ಗೇರು ಯಾರಿಗಾದರೂ ಬರುತ್ತದೆ. ಕಲಿತ ಮೇಲೆ ಅದನ್ನು ದಿನಾ ರಸ್ತೆಗೆ ಇಳಿಸುವ ಸ್ವಭಾವ ನಿಮ್ಮದೋ ಅಲ್ಲವೋ ಅನ್ನುವುದನ್ನು ಮಾತ್ರ ನಾನು ಹೇಳಲಾರೆ. ಅದನ್ನು ನೀವೇ ಕಂಡುಕೊಳ್ಳಲು ಈ ಪಾಠಗಳು.

1. ಯಾತಕ್ಕೆ ಬೇಕು ಅಂತ ನಿಮಗೆ ನೀವೇ ಹೇಳಿಕೊಳ್ಳಿ

ಮನೆಯಿಂದ ಆಫೀಸು, ಆಫೀಸಿನಿಂದ ತರಕಾರಿ ಅಂಗಡಿ, ಇಷ್ಟೇ ಓಡಾಟವಾದರೆ ಸ್ಕೂಟರ್ ಸಾಕು. ಕಾಲ ಬಳಿ ಚೀಲ ಇಡಬಹುದು, ಟ್ರಾಫಿಕ್‌ನಲ್ಲಿ ಎಡಗೈ ನೋಯುವುದಿಲ್ಲ. ಬೈಕೇ ಬೇಕು ಅನ್ನುವವರ ಕಾರಣ ಸಾಮಾನ್ಯವಾಗಿ ಬೇರೆ ಇರುತ್ತದೆ: ದೂರದ ದಾರಿ, ಹಾಳು ರಸ್ತೆ, ಇಲ್ಲವೇ ಸುಮ್ಮನೆ ಆಸೆ. ಆಸೆಯೂ ಒಳ್ಳೆಯ ಕಾರಣವೇ, ಅದಕ್ಕೆ ನಾಚಬೇಕಾಗಿಲ್ಲ. ಭಾವಮೈದುನ ಓಡಿಸುತ್ತಾನೆ, ನಾನೇನು ಕಮ್ಮಿ ಅಂತ ಬಂದವರಿಗೆ ಮಾತ್ರ ನಾನು ಸ್ವಲ್ಪ ತಡವಾಗಿಯೇ ಕೀ ಕೊಡುತ್ತೇನೆ.

ಎಲ್‌ಎಲ್‌ಗೆ, ಅಂದರೆ ಕಲಿಯುವವರ ಲೈಸೆನ್ಸ್‌ಗೆ, ಅರ್ಜಿ ಹಾಕುವಾಗ ಗೇರ್ ಇರುವ ವಾಹನಕ್ಕೇ ಹಾಕಿ. ಆ ಲೈಸೆನ್ಸ್‌ನಲ್ಲಿ ಸ್ಕೂಟರನ್ನೂ ಓಡಿಸಬಹುದು. ಬರೀ ಸ್ಕೂಟರ್ ಲೈಸೆನ್ಸ್‌ನಲ್ಲಿ ಬೈಕ್ ಓಡಿಸುವ ಹಾಗಿಲ್ಲ. ಎಲ್‌ಎಲ್ ಆರು ತಿಂಗಳು ಚಾಲ್ತಿಯಲ್ಲಿರುತ್ತದೆ, 30 ದಿನ ಕಳೆದ ಮೇಲೆ ಟೆಸ್ಟಿಗೆ ಹೋಗಬಹುದು. ಬೇಕೋ ಬೇಡವೋ ತೀರ್ಮಾನಿಸಲು ಅಷ್ಟು ಕಾಲ ಧಾರಾಳ.

2. ಭಯ ಇದ್ದರೆ ಇರಲಿ

ಕೇಂದ್ರ ಸಾರಿಗೆ ಸಚಿವಾಲಯದ ವರದಿ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅದರಲ್ಲಿ ದ್ವಿಚಕ್ರ ವಾಹನದ ಮೇಲಿದ್ದವರು 74,897, ಅಂದರೆ ಹೆಚ್ಚೂಕಡಿಮೆ ಶೇ 44. ಮನೆಯಲ್ಲಿ ಅಮ್ಮ ಬೇಡ ಅಂದರೆ ಅದು ಬರೀ ಅಂಜುಬುರುಕತನ ಅಲ್ಲ, ಲೆಕ್ಕ ಅವರ ಕಡೆಗೇ ಇದೆ. ಈ ಅಂಕಿ ಕೇಳಿ ಒಂದು ಗಳಿಗೆ ಸುಮ್ಮನಾಗುವವರು ಚೆನ್ನಾಗಿ ಕಲಿಯುತ್ತಾರೆ. “ನಮಗೇನಾಗಲ್ಲ ಬಿಡಿ” ಅನ್ನುವವರನ್ನು ನೇರ ಮಾಡುವುದೇ ಕಷ್ಟ. ಹಾಗೆಯೇ, ಕೈ ನಡುಗಿ ಲಿವರ್ ಹಿಡಿಯಲೂ ಆಗದಷ್ಟು ಭಯವಿದ್ದರೆ ಆವತ್ತಿಗೆ ಪಾಠ ನಿಲ್ಲಿಸುತ್ತೇನೆ.

3. ಕೊಳ್ಳುವ ಮೊದಲು ಕಲಿಯಿರಿ, ಅದೂ ಸಣ್ಣ ಗಾಡಿಯಲ್ಲಿ

ಬುಲೆಟ್ ಬುಕ್ ಮಾಡಿ ಆಮೇಲೆ ನನ್ನ ಹತ್ತಿರ ಬರುವವರಿದ್ದಾರೆ. ಜನ ಬುಲೆಟ್ ಎಂದೇ ಕರೆಯುವ ಕ್ಲಾಸಿಕ್ 350 ತೂಗುವುದು 195 ಕಿಲೋ. ಸ್ಪ್ಲೆಂಡರ್ ಸುಮಾರು 112. ಓಡುವಾಗ ಈ ವ್ಯತ್ಯಾಸ ಅಷ್ಟು ತಿಳಿಯುವುದಿಲ್ಲ. ಇಳಿಜಾರಿನಲ್ಲಿ ನಿಲ್ಲಿಸಿ ಹಿಂದಕ್ಕೆ ತಳ್ಳುವಾಗ, ಜಲ್ಲಿಯ ಮೇಲೆ ಕಾಲೂರುವಾಗ ತಿಳಿಯುತ್ತದೆ. ಹೊಸಬರು ಬೀಳುವುದು ಹೆಚ್ಚಾಗಿ ನಿಂತಲ್ಲೇ, ಇಲ್ಲವೇ ನಡಿಗೆಯ ವೇಗದಲ್ಲಿ. ಹಾಗೆ ವಾಲಿದ ಸ್ಪ್ಲೆಂಡರನ್ನು ಎಷ್ಟೋ ಸಲ ಹಿಡಿದು ನಿಲ್ಲಿಸಬಹುದು. ಬುಲೆಟ್ ವಾಲಿದರೆ ಕೈ ಬಿಟ್ಟು ಪಕ್ಕಕ್ಕೆ ಸರಿಯಿರಿ, ಟ್ಯಾಂಕಿಗೆ ಪೆಟ್ಟಾದರೆ ಆಗಲಿ.

ಮೈಸೂರಾದ್ದರಿಂದ ಇನ್ನೊಂದು ಬಗೆಯವರೂ ಬರುತ್ತಾರೆ. ಇಲ್ಲಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿದರೂ ಅದರ ಯೆಜ್ಡಿ ಬೈಕುಗಳು ಮನೆಮನೆಯ ಶೆಡ್ಡಿನಲ್ಲಿ ಇನ್ನೂ ಉಳಿದಿವೆ. ಅಪ್ಪನ ಯೆಜ್ಡಿಯಲ್ಲೇ ಕಲಿಯುತ್ತೇನೆ ಎಂದು ಹಟ. ಅದರಲ್ಲಿ ಕಿಕ್ಕರ್, ಗೇರ್ ಲಿವರ್ ಎರಡೂ ಒಂದೇ. ಅದೇ ದಂಡವನ್ನು ತಿರುಗಿಸಿ ಕಿಕ್ ಹೊಡೆದು, ಮತ್ತೆ ತಿರುಗಿಸಿ ಗೇರು ಹಾಕಬೇಕು. ನೋಡಲು ಚಂದ. ಕಲಿಯಲು ಬೇಡ.

4. ಕ್ಲಚ್ ಬಿಡುವ ಆ ಅರ್ಧ ಇಂಚು

ಮೊದಲ ದಿನ ನಾನು ಆಕ್ಸಿಲರೇಟರ್ ಮುಟ್ಟಲು ಬಿಡುವುದಿಲ್ಲ. ಸಮತಟ್ಟು ನೆಲ, ಎಂಜಿನ್ ಚಾಲೂ, ಫಸ್ಟ್ ಗೇರು, ಎರಡೂ ಕಾಲು ನೆಲದ ಮೇಲೆ. ಕ್ಲಚ್ಚನ್ನು ನಾಲ್ಕು ಬೆರಳಲ್ಲಿ ಪೂರ್ತಿ ಹಿಡಿದು ನಿಧಾನ ಬಿಡುತ್ತ ಬನ್ನಿ. ಒಂದು ಹಂತದಲ್ಲಿ ಎಂಜಿನ್ ಸದ್ದು ಕೆಳಗಿಳಿಯುತ್ತದೆ, ಗಾಡಿ ಮುಂದಕ್ಕೆ ತುಯ್ಯುತ್ತದೆ. ಅಲ್ಲೇ ನಿಲ್ಲಿಸಿ. ಗಾಡಿ ತಾನಾಗಿ ತೆವಳುತ್ತದೆ, ನೀವು ಜೊತೆಗೆ ಹೆಜ್ಜೆ ಹಾಕಿ. ಮತ್ತೆ ಹಿಡಿಯಿರಿ, ನಿಲ್ಲಿ. ಮೆಕ್ಯಾನಿಕ್‌ಗಳು ಹಾಫ್ ಕ್ಲಚ್ ಎನ್ನುವುದು ಇದನ್ನೇ. ಪೇಟೆಯ ದಟ್ಟಣೆ, ಯೂ ಟರ್ನ್, ಆರ್‌ಟಿಒ ಅಂಗಳದಲ್ಲಿ ಕಾಲೂರದೆ ಎಂಟು ಹಾಕುವುದು, ಎಲ್ಲ ಈ ಅರ್ಧ ಇಂಚಿನಲ್ಲೇ ಇದೆ.

ಬಲಗೈ ಮಣಿಕಟ್ಟು ಮೇಲೆದ್ದಿರಬಾರದು. ಮಣಿಕಟ್ಟು ಎತ್ತಿ ಹಿಡಿದವರು ಗಾಬರಿಯಲ್ಲಿ ಹ್ಯಾಂಡಲ್ ಬಿಗಿಹಿಡಿದ ಕೂಡಲೇ ಆಕ್ಸಿಲರೇಟರ್ ತಾನೇ ತಿರುಗಿ ಗಾಡಿ ನುಗ್ಗುತ್ತದೆ. ಮೋರಿಗೆ ಬಿದ್ದವರ ಕಥೆ ಕೇಳಿದರೆ ಬಹಳಷ್ಟು ಕಡೆ ಆಗಿರುವುದು ಇದೇ.

ಈ ತೆವಳಾಟ ಒಂದು ಗಂಟೆ ನಡೆಯುತ್ತದೆ. ಬಿಸಿಲು, ಬೆವರು, ಎಡಗೈ ಸೋತುಹೋಗಿರುತ್ತದೆ. “ಇನ್ನೊಂದು ರೌಂಡ್ ಹಾಕಲಾ?” ಅನ್ನುವವರು ಉಳಿಯುತ್ತಾರೆ. “ಯಾವಾಗ ಹೈವೇ ಸಾರ್?” ಅನ್ನುವವರ ಬಗ್ಗೆ ನನಗೆ ಅನುಮಾನ.

5. ಕಣ್ಣು ಹೋದ ಕಡೆ ಗಾಡಿ

ಹೊಸಬರು ಮುಂದಿನ ಚಕ್ರವನ್ನೇ ನೋಡುತ್ತಾರೆ. ಗುಂಡಿ ಕಂಡರೆ ಗುಂಡಿಯನ್ನೇ ದಿಟ್ಟಿಸಿ ಸೀದಾ ಅದಕ್ಕೇ ಇಳಿಸುತ್ತಾರೆ. ತಿರುವಿನಲ್ಲಿ ಗದ್ದ ಎತ್ತಿ, ಹೋಗಬೇಕಾದ ಕಡೆ ಕತ್ತು ತಿರುಗಿಸಿ ನೋಡಿ ಅಂತ ಹೇಳಿದ್ದನ್ನೇ ಹೇಳುತ್ತಿರುತ್ತೇನೆ.

ನೀವು ಬೈಕಿಗೆ ತಕ್ಕವರೋ ಎಂದು ನೋಡಲು ಬೈಕೂ ಬೇಕಾಗಿಲ್ಲ. ಆಟೋದಲ್ಲೋ ಬಸ್ಸಿನ ಮುಂದಿನ ಸೀಟಿನಲ್ಲೋ ಕೂತಾಗ ರಸ್ತೆ ನೋಡಿ. ನಿಂತ ಕಾರಿನ ಬಾಗಿಲು ತೆರೆಯಬಹುದು, ಬಣ್ಣ ಬಳಿಯದ ಹಂಪ್ ಬರಬಹುದು, ನೀರಿನ ಟ್ಯಾಂಕರ್ ಸುರಿಸಿಕೊಂಡು ಹೋದ ತಿರುವು ಜಾರಬಹುದು, ಆಟೋ ಸಿಗ್ನಲ್ ಹಾಕದೆ ಎಡಕ್ಕೆ ಎಳೆಯಬಹುದು. ಇವು ನಿಮಗೆ ಮುಂಚೆಯೇ ಹೊಳೆಯುತ್ತವೆಯೇ? ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಹೋಗುತ್ತದೆ. ಬ್ರೇಕಿಗೆ ಕೈ ಹೋಗುವ ಮುಂಚಿನ ಲೆಕ್ಕ ಅದು. ರಸ್ತೆಯಲ್ಲಿ ಇ‌ಎಂಐ, ಮಗಳ ಮಾರ್ಕ್ಸು ಅಂತ ಯೋಚನೆಗೆ ಬೀಳುವವರು ಬಸ್ಸಿನಲ್ಲಿ ಹೋಗುವುದೇ ವಾಸಿ.

6. ಮುಂದಿನ ಬ್ರೇಕಿಗೆ ಹೆದರಬೇಡಿ

“ಮುಂದಿನ ಬ್ರೇಕ್ ಹಿಡಿದರೆ ಪಲ್ಟಿ” ಎಂಬ ಮಾತನ್ನು ಊರೆಲ್ಲ ಹೇಳುತ್ತದೆ. ಬ್ರೇಕ್ ಹಿಡಿದಾಗ ಭಾರವೆಲ್ಲ ಮುಂದಕ್ಕೆ ಬರುತ್ತದೆ, ಆದ್ದರಿಂದ ಗಾಡಿಯನ್ನು ಹೆಚ್ಚಾಗಿ ನಿಲ್ಲಿಸುವುದು ಮುಂದಿನದೇ. ಒಮ್ಮೆಗೇ ಅಮುಕದೆ, ಗಾಡಿ ನೆಟ್ಟಗಿರುವಾಗ, ಹಿಂಡಿದಂತೆ ಹಿಡಿಯಿರಿ. ಮರಳಿನ ಮೇಲೆ, ವಾಲಿದಾಗ ಹುಷಾರು. 2019ರ ಏಪ್ರಿಲ್‌ನಿಂದ 125 ಸಿಸಿ ಮೀರಿದ ಹೊಸ ಬೈಕುಗಳಿಗೆ, ಬ್ರೇಕ್ ಹಿಡಿದಾಗ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ಎಬಿಎಸ್ ಕಡ್ಡಾಯ. ಹಳೆಯ ಗಾಡಿ ಕೊಳ್ಳುವವರು ಇದನ್ನು ನೆನಪಿಡಿ.

7. ಹೆಲ್ಮೆಟ್ಟಿನ ದುಡ್ಡನ್ನೂ ಬೈಕಿನ ದುಡ್ಡಿಗೆ ಸೇರಿಸಿ

ಪೊಲೀಸರಿಗೆ ತೋರಿಸಲು ಹಾಕುವ ಟೋಪಿಯಂಥ ಅರ್ಧ ಹೆಲ್ಮೆಟ್ ಬೇಡ. ಪೂರ್ತಿ ಮುಖ ಮುಚ್ಚುವ, ಐಎಸ್‌ಐ ಗುರುತಿನ ಹೆಲ್ಮೆಟ್, ಕೈಗವಸು, ಕಣಕಾಲು ಮುಚ್ಚುವ ಶೂ, ಇಷ್ಟಾದರೂ ಬೇಕು. ಹೆಲ್ಮೆಟ್ ಹಾಕಿ, ಪಟ್ಟಿ ಬಿಗಿದು, ಕೈಯಲ್ಲಿ ಹಿಡಿದು ಅಲ್ಲಾಡಿಸಿ. ಕೆನ್ನೆಯ ಚರ್ಮವೂ ಜೊತೆಗೆ ಅಲ್ಲಾಡಬೇಕು. ಇಷ್ಟು ಸೇರಿಸಿದಾಗ ಬಜೆಟ್ ಮೀರಿದರೆ ಒಂದು ಮೆಟ್ಟಿಲು ಕೆಳಗಿನ ಬೈಕ್ ನೋಡಿ.

8. ಬೇಡ ಅನ್ನಿಸಿದರೆ

ನಾಲ್ಕಾರು ವಾರ ಕಲಿತು, ಚೆನ್ನಾಗಿಯೇ ಓಡಿಸಿ, “ಸಾಕು ಸಾರ್, ಇದು ನನಗಲ್ಲ” ಎಂದವರಿದ್ದಾರೆ. ಅವರನ್ನು ತಡೆಯಲು ನಾನು ಹೋಗುವುದಿಲ್ಲ. ಅಂಥವರಲ್ಲಿ ಒಬ್ಬರು ಈಗ ಗಂಡನ ಬೈಕಿನ ಹಿಂದೆ ಕೂತು ಚಾರ್ಮಾಡಿ ಘಾಟಿ ಸುತ್ತುತ್ತಾರೆ. ಕಲಿತದ್ದು ಅಲ್ಲೂ ಕೆಲಸಕ್ಕೆ ಬರುತ್ತದೆ: ತಿರುವಿನಲ್ಲಿ ಗಾಡಿ ವಾಲಿದ ಕಡೆಗೇ ವಾಲುವುದು, ಬ್ರೇಕ್ ಹಾಕಿದಾಗ ಓಡಿಸುವವರ ಬೆನ್ನಿಗೆ ಒರಗದಿರುವುದು, ನಿಂತಾಗ ಹೇಳದೆ ಇಳಿಯದಿರುವುದು. ಕರ್ನಾಟಕದಲ್ಲಿ ಹಿಂಬದಿ ಸವಾರರಿಗೂ 2016ರಿಂದ ಹೆಲ್ಮೆಟ್ ಕಡ್ಡಾಯ. ಆಕೆ ತಮಗಾಗಿ ಕೊಂಡ ಪೂರ್ತಿ ಮುಖದ ಹೆಲ್ಮೆಟ್ಟನ್ನೇ ಹಾಕಿಕೊಂಡು ಹೋಗುತ್ತಾರೆ, ಗಂಡ ತಿರುವಿನಲ್ಲಿ ರಸ್ತೆ ಬಿಟ್ಟು ಕಣಿವೆ ನೋಡಿದರೆ ಹಿಂದಿನಿಂದ ಬೆನ್ನಿಗೆ ತಟ್ಟುತ್ತಾರೆ.