ಕ್ರೀಡಾಪಟುವಿನ ಗುಣಸಂವರ್ಧನೆ

ಗಣಕಯಂತ್ರದ ಪರದೆಯ ಮೇಲೆ ಆಡುವ ಅಮೆರಿಕನ್ ಫುಟ್‌ಬಾಲ್ ಆಟಗಳಲ್ಲಿ ಆಟಗಾರನ ವೇಗ, ಬಲ, ಚುರುಕುತನ, ತಿಳಿವಳಿಕೆ ಮೊದಲಾದ ಗುಣಗಳಿಗೆ ಪ್ರತ್ಯೇಕ ಅಂಕಗಳಿರುತ್ತವೆ. 'ಮ್ಯಾಡನ್' ಎಂಬ ಪ್ರಸಿದ್ಧ ಆಟದಲ್ಲಿ ಗರಿಷ್ಠ ಅಂಕ 99. ಅಲ್ಲಿ ಗುಂಡಿಯನ್ನೊತ್ತಿ ಬಲವನ್ನು ಹೆಚ್ಚಿಸಬಹುದು. ಮನುಷ್ಯದೇಹದಲ್ಲಿ ಅದೇ ಕಾರ್ಯಕ್ಕೆ ವರುಷಗಳೇ ಬೇಕು. ಇದಕ್ಕೆ ನಿದರ್ಶನವನ್ನು ದೂರದಲ್ಲಿ ಅರಸಬೇಕಾಗಿಲ್ಲ.

ಕುಂದಾಪುರದ ವಂಡ್ಸೆ ಸಮೀಪದ ಗುರುರಾಜ ಪೂಜಾರಿಯವರು ಮೊದಲು ಕುಸ್ತಿಪಟುವಾಗಲು ಬಯಸಿದ್ದರು. ಉಜಿರೆಯ ಕಾಲೇಜಿನಲ್ಲಿ ವ್ಯಾಸಂಗ ಮಾಡುತ್ತಿದ್ದಾಗ ಅವರು ಭಾರ ಎತ್ತುವ ಸ್ಪರ್ಧೆಯತ್ತ ಹೊರಳಿದರು.

ಈ ಸ್ಪರ್ಧೆಯಲ್ಲಿ ಎರಡು ವಿಧಾನಗಳುಂಟು. ಭಾರವನ್ನು ಒಂದೇ ಸೆಳೆತದಲ್ಲಿ ನೆಲದಿಂದ ತಲೆಯ ಮೇಲಕ್ಕೆ ಎತ್ತುವುದು 'ಸ್ನ್ಯಾಚ್'. ಇದಕ್ಕೆ ವೇಗವೂ ಕೀಲುಗಳ ಸಡಿಲವೂ ಅವಶ್ಯಕ. ಮೊದಲು ಹೆಗಲಿಗೇರಿಸಿ, ಬಳಿಕ ಮೇಲಕ್ಕೆ ತಳ್ಳುವುದು 'ಕ್ಲೀನ್ ಆ್ಯಂಡ್ ಜರ್ಕ್'. ಇಲ್ಲಿ ತೊಡೆ ಮತ್ತು ಬೆನ್ನಿನ ಬಲಕ್ಕೆ ಪ್ರಾಧಾನ್ಯ. ಅಕ್ಕಿಮುಡಿಯನ್ನು ಹಂತಹಂತವಾಗಿ ಮೇಲೇರಿಸಿ ಹೊರುವವರನ್ನು ಕಂಡವರಿಗೆ ಎರಡನೆಯದರ ಮರ್ಮ ಸುಲಭವಾಗಿ ತಿಳಿದೀತು. ಪ್ರತಿಯೊಂದಕ್ಕೂ ಮೂರು ಅವಕಾಶಗಳು. ಎರಡರ ಉತ್ತಮ ಸಾಧನೆಗಳ ಮೊತ್ತವೇ ಫಲಿತಾಂಶ.

ಸ್ಪರ್ಧಿಯ ದೇಹತೂಕಕ್ಕೆ ಮಿತಿಯಿರುವುದರಿಂದ ಮನಬಂದಂತೆ ಮಾಂಸಖಂಡಗಳನ್ನು ಬೆಳೆಸುವಂತಿಲ್ಲ. ಬೆಳೆದ ಮಾಂಸಖಂಡಕ್ಕೂ ತೂಕವಿದೆಯಷ್ಟೆ! ಆದುದರಿಂದ ಬಲದೊಡನೆ ಕೌಶಲವನ್ನೂ ಬೆಳೆಸುವುದು ಅನಿವಾರ್ಯ.

2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದ 56 ಕಿಲೋ ವಿಭಾಗದಲ್ಲಿ ಗುರುರಾಜರು ಸ್ನ್ಯಾಚ್‌ನಲ್ಲಿ 111 ಕಿಲೋ ಎತ್ತಿದರು. ಎರಡನೆಯ ವಿಧಾನದ ಮೊದಲೆರಡು ಯತ್ನಗಳು ವಿಫಲವಾದವು. ಮೂರನೆಯದೂ ಕೈಕೊಟ್ಟಿದ್ದರೆ ಮೊತ್ತವೇ ಇಲ್ಲದೆ ಬರಿಗೈಯಲ್ಲಿ ಮರಳಬೇಕಾಗಿತ್ತು. ಆ ಕೊನೆಯ ಯತ್ನದಲ್ಲಿ 138 ಕಿಲೋ ಮೇಲೆದ್ದಿತು. ಒಟ್ಟು 249 ಕಿಲೋ, ಬೆಳ್ಳಿಯ ಪದಕ. ಆ ಕೂಟದಲ್ಲಿ ಭಾರತಕ್ಕೆ ದೊರೆತ ಮೊದಲ ಪದಕವೂ ಅದೇ. ಮೂರನೆಯ ಸ್ಥಾನ ಪಡೆದ ಶ್ರೀಲಂಕಾದ ಸ್ಪರ್ಧಿಯ ಮೊತ್ತ 248.

ಅದೇ ವರ್ಷ ಅಂತಾರಾಷ್ಟ್ರೀಯ ಸಂಸ್ಥೆಯು ತೂಕದ ವಿಭಾಗಗಳನ್ನು ಬದಲಿಸಿದುದರಿಂದ 56 ಕಿಲೋ ವಿಭಾಗ ಇಲ್ಲವಾಯಿತು. ಗುರುರಾಜರು 61 ಕಿಲೋ ವಿಭಾಗಕ್ಕೆ ತಕ್ಕಂತೆ ದೇಹವನ್ನು ಹೊಸದಾಗಿ ಅಣಿಗೊಳಿಸಬೇಕಾಯಿತು. 2022ರ ಬರ್ಮಿಂಗ್‌ಹ್ಯಾಮ್ ಕೂಟದಲ್ಲಿ ಅವರು 118 ಮತ್ತು 151, ಒಟ್ಟು 269 ಕಿಲೋ ಎತ್ತಿ ಕಂಚಿನ ಪದಕ ಗಳಿಸಿದರು. ನಾಲ್ಕನೆಯವರಾದ ಕೆನಡಾದ ಸ್ಪರ್ಧಿಯದು 268. ಈ ಬಾರಿಯೂ ಅಂತರ ಒಂದೇ ಕಿಲೋ!

ನಾಲ್ಕು ವರುಷಗಳ ಗಳಿಕೆಯನ್ನು ಬಿಡಿಸಿ ನೋಡಿದರೆ ಸ್ನ್ಯಾಚ್‌ನಲ್ಲಿ 7 ಕಿಲೋ, ಎರಡನೆಯದರಲ್ಲಿ 13 ಕಿಲೋ. ಯಂತ್ರದ ಆಟದಲ್ಲಿ ಇಷ್ಟು ಏರಿಕೆ ಕ್ಷಣಮಾತ್ರದ ಕೆಲಸ. ಅಲ್ಲಿಯ ಅಂಕಪಟ್ಟಿ ಬಲವನ್ನು ತೋರಿಸೀತು, ವೇಗವನ್ನು ತೋರಿಸೀತು; ಎರಡು ಸಲ ಸೋತವನು ಮೂರನೆಯ ಸಲ ಅದೇ ಕಬ್ಬಿಣದ ಮುಂದೆ ಬಾಗಿ ನಿಲ್ಲುವ ಧೈರ್ಯವನ್ನು ಯಾವ ಅಂಕ ತೋರಿಸೀತು?

ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಶಾಲಾ ಮೈದಾನಗಳಲ್ಲಿ ಆಡುವ ಮಕ್ಕಳು ತಮ್ಮ ಇಂದಿನ ಅಂಕವನ್ನೇ ಕೊನೆಯ ಅಂಕವೆಂದು ಭಾವಿಸಬೇಕಾಗಿಲ್ಲ. ಗುಣವು ಹುಟ್ಟಿನಿಂದ ಸ್ವಲ್ಪ ಬಂದೀತು. ಉಳಿದುದು ದಿನದಿನದ ಸಾಧನೆಯಿಂದಲೇ ಕೂಡಿಬರಬೇಕು.